ಖಾಲಿ ಟ್ಯಾಂಕಿನಲ್ಲಿ ನಾಲ್ಕು ಚಮಚ

"ಒಂದು ವರ್ಷದಿಂದ ಖಾಲಿ ಬಿದ್ದಿರೋ ಟ್ಯಾಂಕು. ಅದರೊಳಗೆ ಇನ್ನೇನಿರುತ್ತೆ ಸಾರ್?"

ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಅವನ ತಂದೆಗೆ ಒಂದು ಲಾರಿ ಇದೆ. ಹಳೆಯ ಲಾರಿಯೊಂದರ ಡೀಸೆಲ್ ಟ್ಯಾಂಕನ್ನು ಅವರು ಗುಜರಿಯಿಂದ ತಂದಿದ್ದಾರೆ. ಭಾನುವಾರ ಮನೆಯ ಅಂಗಳದಲ್ಲೇ ಅದಕ್ಕೊಂದು ತೂತು ಕೊರೆದು, ಪೈಪು ಸಿಕ್ಕಿಸಲು ನಿಪ್ಪಲ್ ವೆಲ್ಡ್ ಮಾಡಿ, ಲಾರಿಗೆ ಎರಡನೆಯ ಟ್ಯಾಂಕಾಗಿ ಕೂರಿಸುವ ಆಲೋಚನೆ. ಹುಡುಗನ ಮಾವನ ಹತ್ತಿರ ವೆಲ್ಡಿಂಗ್ ಸೆಟ್ಟೂ ಇದೆಯಂತೆ.

ಎರಡನೆಯ ಟ್ಯಾಂಕಿನ ಆಸೆ ತಪ್ಪೇನಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಡೀಸೆಲ್ ಅದರ ಹೊರಗೇ ಉಳಿಯಿತು. ಹಾಗಾಗಿ ರಾಜ್ಯದಿಂದ ರಾಜ್ಯಕ್ಕೆ ತೆರಿಗೆ ಬೇರೆ, ದರವೂ ಬೇರೆ. ಅಗ್ಗವಾಗಿ ಸಿಗುವ ಕಡೆ ತುಂಬಿಸಿಕೊಂಡು ಗಡಿ ದಾಟಿದರೆ ನಾಲ್ಕು ಕಾಸು ಉಳಿಯುತ್ತದೆ. ಒಂದೇ ಲಾರಿಯ ಮಾಲೀಕನಿಗೆ ಆ ನಾಲ್ಕು ಕಾಸು ದೊಡ್ಡದು. ಆದರೆ ಹುಡುಗನ ಪ್ರಶ್ನೆಯಲ್ಲಿದ್ದ 'ಖಾಲಿ' ಎಂಬ ಮಾತು ನನ್ನನ್ನು ಗಾಬರಿಗೊಳಿಸಿತು. ಉತ್ತರ ಹೇಳುವ ಬದಲು ಅವನ ಕೈಯಲ್ಲೇ ಒಂದು ಲೆಕ್ಕ ಮಾಡಿಸಿದೆ. ನೀವೂ ಪೆನ್ಸಿಲ್ ತೆಗೆದುಕೊಳ್ಳಿ.

ಟ್ಯಾಂಕು 200 ಲೀಟರಿನದು ಎಂದಿಟ್ಟುಕೊಳ್ಳಿ. ಡೀಸೆಲ್ ದ್ರವರೂಪದಲ್ಲಿ ಉರಿಯುವುದಿಲ್ಲ. ಅದರ ಆವಿ ಗಾಳಿಯೊಂದಿಗೆ ಬೆರೆತಾಗ ಉರಿಯುತ್ತದೆ. ಆ ಬೆರಕೆಯಲ್ಲಿ ಆವಿ ಬಹಳ ಕಡಿಮೆಯಾದರೂ ಬೆಂಕಿ ಇಲ್ಲ, ಬಹಳ ಹೆಚ್ಚಾದರೂ ಇಲ್ಲ. ನೂರು ಪಾಲಿನಲ್ಲಿ ಸುಮಾರು ಒಂದು ಪಾಲಿನಿಂದ ಆರು ಪಾಲಿನವರೆಗೆ ಇದ್ದರೆ ಅಪಾಯ. ನೂರಕ್ಕೆ ಒಂದೇ ಪಾಲು ಎಂದು ಹಿಡಿಯೋಣ. 200 ಲೀಟರಿಗೆ 2 ಲೀಟರ್ ಆವಿ. ಕೊಠಡಿಯ ಉಷ್ಣತೆಯಲ್ಲಿ ಒಂದು ಮೋಲ್ ಅನಿಲಕ್ಕೆ ಬೇಕಾದ ಜಾಗ ಸುಮಾರು 24 ಲೀಟರ್. ಅಂದರೆ ನಮ್ಮ ಆವಿ ಒಂದು ಮೋಲಿನ ಹನ್ನೆರಡನೆಯ ಒಂದು ಭಾಗ. ಡೀಸೆಲ್ ಎಂಬುದು ಹಲವು ಹೈಡ್ರೋಕಾರ್ಬನ್ನುಗಳ ಮಿಶ್ರಣ. ಸರಾಸರಿ ಅಣುತೂಕ 200ರ ಆಸುಪಾಸು. ಆದ್ದರಿಂದ ಬೇಕಾದ ಡೀಸೆಲ್ ಸುಮಾರು 17 ಗ್ರಾಂ. ಸಾಂದ್ರತೆ 0.83ರಿಂದ ಭಾಗಿಸಿದರೆ 20 ಮಿಲಿಲೀಟರ್.

ನಾಲ್ಕು ಟೀ ಚಮಚ! 'ಖಾಲಿ' ಟ್ಯಾಂಕಿನ ಅಂಚಿನ ಮಡಿಕೆಗಳಲ್ಲಿ, ಒಳಗಿನ ಅಡ್ಡ ತಗಡುಗಳ ಸಂದಿನಲ್ಲಿ, ತುಕ್ಕಿನ ಪದರದಲ್ಲಿ ಇಷ್ಟು ಡೀಸೆಲ್ ಅಂಟಿಕೊಂಡಿರದೇ ಇರುತ್ತದೆಯೆ? ತುಂಬಿದ ಟ್ಯಾಂಕಿನಲ್ಲಿ ಆವಿಗೂ ಗಾಳಿಗೂ ಜಾಗ ಕಡಿಮೆ. ಖಾಲಿಯಾದುದರಲ್ಲಿ ಎರಡಕ್ಕೂ ಧಾರಾಳ ಜಾಗ.

"ಡೀಸೆಲ್ ಏನು ಪೆಟ್ರೋಲೇ? ಕಡ್ಡಿ ಗೀರಿ ಹಾಕಿದರೂ ಆರಿಹೋಗುತ್ತದೆ" ಎಂದು ಗ್ಯಾರೇಜುಗಳಲ್ಲಿ ಹೇಳುವುದುಂಟು. ಈ ಮಾತು ಅರ್ಧ ನಿಜ. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಒಂದು ದ್ರವದಿಂದ ಏಳುವ ಉಷ್ಣತೆಗೆ ಫ್ಲಾಷ್ ಪಾಯಿಂಟ್ ಎನ್ನುತ್ತಾರೆ. ಪೆಟ್ರೋಲಿನದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಡೀಸೆಲ್ಲಿನದು ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಬೆಳಗಿನ ತಂಪಿನಲ್ಲಿ ಕಡ್ಡಿ ಆರೀತು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಬಿದ್ದಿರುವ ತಗಡಿನ ಟ್ಯಾಂಕು 35 ಡಿಗ್ರಿ ದಾಟಲು ಎಷ್ಟು ಹೊತ್ತು? ಬಿಸಿಲಿನ ಮಾತು ಬಿಡಿ, ವೆಲ್ಡಿಂಗಿನ ಜ್ವಾಲೆಯೇ ಸಾವಿರಾರು ಡಿಗ್ರಿಯದು. ಅದು ಮೊದಲು ತಗಡನ್ನು ಕಾಯಿಸಿ, ಅಂಟಿದ ಡೀಸೆಲ್ಲನ್ನು ಆವಿ ಮಾಡುತ್ತದೆ. ಆಮೇಲೆ ಆ ಆವಿಗೆ ತಾನೇ ಬೆಂಕಿ ಇಡುತ್ತದೆ.

ಮುಂದಿನದನ್ನು ಅನಿಲ ನಿಯಮದಿಂದ ಊಹಿಸಿ. 300 ಕೆಲ್ವಿನ್ ಇದ್ದ ಗಾಳಿ ಕ್ಷಣಾರ್ಧದಲ್ಲಿ 2000 ದಾಟುತ್ತದೆ. ಪಾತ್ರೆ ಮುಚ್ಚಿದ್ದರೆ ಒತ್ತಡ ಏಳೆಂಟು ಪಟ್ಟು ಏರಬೇಕು. ಆದರೆ ಅಲ್ಲಿಯವರೆಗೆ ತಗಡು ತಡೆಯುವುದಿಲ್ಲ. 60 ಸೆಂಟಿಮೀಟರ್ ಉದ್ದಗಲದ ಒಂದು ಪಕ್ಕದ ಮೇಲೆ ಚದರ ಸೆಂಟಿಮೀಟರಿಗೆ ಒಂದೇ ಕಿಲೋ ಹೆಚ್ಚಿನ ಒತ್ತಡ ಬಿದ್ದರೂ ಒಟ್ಟು 3,600 ಕಿಲೋ ಆಯಿತು. ಆ ಪಕ್ಕವೇ ಹರಿದು ಹಾರುತ್ತದೆ. ವೆಲ್ಡ್ ಮಾಡುವವನು ಕುಕ್ಕರುಗಾಲಲ್ಲಿ ಕೂತಿರುವುದು ಅದರ ಎದುರಿಗೇ.

ಇದಕ್ಕೆ ಊರ ಉಪಾಯಗಳು ಹಲವಿವೆ. ಸೋಪಿನ ನೀರಿನಲ್ಲಿ ಕುಲುಕಿ ತೊಳೆಯುವುದು ಒಂದು. ಮಡಿಕೆಯೊಳಗಿನ ಚಮಚಗಳನ್ನು ಅದು ಮುಟ್ಟುವುದಿಲ್ಲ. ಮೂಸಿ ನೋಡುವುದು ಇನ್ನೊಂದು. ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ, ಮೂಗು ಇರುವುದು ಬಾಯಿಯ ಹತ್ತಿರ. ಲಾರಿಯ ಸೈಲೆನ್ಸರಿನ ಹೊಗೆಯನ್ನು ಟ್ಯಾಂಕಿಗೆ ಬಿಟ್ಟು ಗಾಳಿಯನ್ನು ಹೊರದೂಡುವ ಜಾಣರೂ ಇದ್ದಾರೆ. ಆದರೆ ಡೀಸೆಲ್ ಎಂಜಿನ್ ನಿಂತಲ್ಲೇ ಓಡುವಾಗ ಎಳೆದುಕೊಂಡ ಗಾಳಿಯ ಹೆಚ್ಚಿನ ಆಮ್ಲಜನಕವನ್ನು ಬಳಸುವುದೇ ಇಲ್ಲ. ಆ ಹೊಗೆಯಲ್ಲಿ ಉರಿಯಲು ಸಾಕಷ್ಟು ಆಮ್ಲಜನಕ ಉಳಿದಿರುತ್ತದೆ. ಇನ್ನು ಕಡ್ಡಿ ಗೀರಿ ಒಳಗೆ ಇಣುಕುವವರ ಬಗ್ಗೆ ಏನು ಹೇಳಲಿ!

ಲೆಕ್ಕದ ಹಾಳೆಯನ್ನು ಹುಡುಗ ಮನೆಗೆ ಒಯ್ದ. ಮರುದಿನ ಸಂಜೆ ತಂದೆಯೇ ಅದನ್ನು ಹಿಡಿದು ಶಾಲೆಗೆ ಬಂದರು. "ಹಂಗಾದ್ರೆ ಏನ್ಮಾಡೋದು ಮೇಷ್ಟ್ರೇ?" ಎಂದರು. ನ್ಯಾಯವಾದ ಪ್ರಶ್ನೆ.

ಟ್ಯಾಂಕಿಗೆ ಬೆಂಕಿ ತೋರಿಸದೆಯೇ ದಾರಿಯಿದೆ. ಟ್ಯಾಂಕಿನ ನೆತ್ತಿಯ ಮೇಲೆ, ಡೀಸೆಲ್ ಮಟ್ಟ ತೋರಿಸುವ ಫ್ಲೋಟ್ ಕೂರಿಸಿದ ಸಣ್ಣ ಮುಚ್ಚಳ ಸಾಮಾನ್ಯವಾಗಿ ಬೋಲ್ಟುಗಳಿಂದ ಬಿಗಿದಿರುತ್ತದೆ. ಅದನ್ನಷ್ಟೇ ಬಿಚ್ಚಿ, ಒರೆಸಿ, ಲೇತ್ ಅಂಗಡಿಗೆ ಒಯ್ದು ಅದರಲ್ಲೇ ಪೈಪುಗಳನ್ನು ಕೂರಿಸಬಹುದು. ಟ್ಯಾಂಕನ್ನೇ ವೆಲ್ಡ್ ಮಾಡಬೇಕೆಂದರೆ, ಹಬೆಯಿಂದ ತೊಳೆದು ಒಳಗಿನ ಗಾಳಿಯನ್ನು ಮೀಟರಿನಿಂದ ಪರೀಕ್ಷಿಸಿ ಕೆಲಸ ಮಾಡುವ ಕಾರ್ಖಾನೆಗೇ ಕೊಡಬೇಕು. ಅದು ಅಂಗಳದ ಕೆಲಸವಲ್ಲ. ಟ್ಯಾಂಕು ಬೇಡ, ಜಿ.ಐ. ತಗಡಿನ ಡ್ರಮ್ಮೇ ಸಾಕು ಎನ್ನುವವರಿಗೆ ಒಂದು ಮಾತು: ಜಿ.ಐ. ಮೇಲಿನ ಸತು ಡೀಸೆಲ್ಲಿನಲ್ಲಿರುವ ಆಮ್ಲಗಳೊಡನೆ ಸೇರಿ ಸೋಪಿನಂಥ ವಸ್ತುವಾಗುತ್ತದೆ. ಅದು ಫಿಲ್ಟರನ್ನೂ ನಾಜಲ್ಲನ್ನೂ ಕಟ್ಟಿಹಾಕುತ್ತದೆ.

ಇನ್ನು ಜೋಡಣೆ. ಎಂಜಿನ್ ಎಳೆದುಕೊಂಡ ಡೀಸೆಲ್ಲೆಲ್ಲ ಉರಿಯುವುದಿಲ್ಲ. ಹೆಚ್ಚಾದದ್ದು ಬಿಸಿಯಾಗಿ ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ಎಳೆಯುವ ಪೈಪಿಗೆ ಮಾತ್ರ ವಾಲ್ವ್ ಹಾಕಿ, ಮರಳುವ ಪೈಪನ್ನು ಮರೆತರೆ ಏನಾಗುತ್ತದೆ? ಎರಡನೆಯ ಟ್ಯಾಂಕಿನಿಂದ ಎಳೆದದ್ದು ಮೊದಲನೆಯದಕ್ಕೆ ಹೋಗಿ, ಅದು ತುಂಬಿ ರಸ್ತೆಗೆ ಸುರಿಯುತ್ತದೆ. ಹಿಂದೆ ಬರುವ ಸ್ಕೂಟರಿನವನಿಗೆ ಗ್ರಹಚಾರ. ಎಲ್ಲಿಂದ ಎಳೆಯುತ್ತದೋ ಅಲ್ಲಿಗೇ ಮರಳಬೇಕು.

ಎರಡು ಟ್ಯಾಂಕುಗಳ ತಳಕ್ಕೆ ಒಂದೇ ಪೈಪು ಕೊಟ್ಟರೆ ವಾಲ್ವಿನ ರಗಳೆಯೇ ಇಲ್ಲ, ಎರಡರಲ್ಲೂ ಮಟ್ಟ ಒಂದೇ ಇರುತ್ತದೆ ಎಂದು ಪಾಠ ಓದಿದ ಹುಡುಗ ಹೇಳಿದ. ಸರಿಯೇ. ಆದರೆ ನೆಲ ಮಟ್ಟವಾಗಿರಬೇಕಲ್ಲ! ರಸ್ತೆಯ ಎಡ ಅಂಚಿಗೆ ಲಾರಿ ನಿಂತಿದೆ, ಅಲ್ಲಿ ಇಪ್ಪತ್ತಕ್ಕೆ ಒಂದರ ಇಳಿಜಾರು ಎನ್ನೋಣ. ಎರಡು ಮೀಟರ್ ದೂರದ ಟ್ಯಾಂಕುಗಳ ನಡುವೆ 10 ಸೆಂಟಿಮೀಟರ್ ವ್ಯತ್ಯಾಸ ಬಂತು. ಟ್ಯಾಂಕಿನ ತಳ ಅರ್ಧ ಚದರ ಮೀಟರ್ ಇದ್ದು, ಎರಡೂ ಕಂಠಮಟ್ಟ ತುಂಬಿದ್ದರೆ ಬೆಳಗಾಗುವುದರೊಳಗೆ ಎಡಗಡೆಯ ಮುಚ್ಚಳದಿಂದ 50 ಲೀಟರ್ ಸೋರಿಹೋಗಬಹುದು. ಉಳಿಸಲು ಹೊರಟ ನಾಲ್ಕು ಕಾಸು ಚರಂಡಿಗೆ. ಆದ್ದರಿಂದ ನಡುವಿನ ಪೈಪಿಗೂ ವಾಲ್ವ್ ಬೇಕು. ಅದಕ್ಕೆ ಕಲ್ಲು ತಾಗದಂತೆ ಕವಚವೂ ಬೇಕು. ಅದು ಒಡೆದರೆ ಎರಡೂ ಟ್ಯಾಂಕು ಖಾಲಿ.

ಪ್ರತಿ ಟ್ಯಾಂಕಿಗೂ ಗಾಳಿಯಾಡುವ ಸಣ್ಣ ರಂಧ್ರ ಇರಲೇಬೇಕು. ಡೀಸೆಲ್ ಇಳಿದಷ್ಟು ಗಾಳಿ ಒಳಗೆ ಬಾರದಿದ್ದರೆ ಪಂಪು ಎಳೆದೂ ಎಳೆದೂ ಸೋತು ಎಂಜಿನ್ ನಿಲ್ಲುತ್ತದೆ. ಹಾಗೆಯೇ ತುಂಬಿಸುವಾಗ ಸ್ವಲ್ಪ ಜಾಗ ಬಿಡಬೇಕು: 200 ಲೀಟರ್ ಡೀಸೆಲ್ 20 ಡಿಗ್ರಿ ಹೆಚ್ಚು ಕಾದರೆ ಮೂರು ಲೀಟರಿಗೂ ಮಿಕ್ಕಿ ಹಿಗ್ಗುತ್ತದೆ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದಲ್ಲಿ ಮನಬಂದ ಬದಲಾವಣೆಗೆ ಅಡ್ಡ ಬರುತ್ತದೆ. ಕೈ ಹಾಕುವ ಮುನ್ನ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ತಿಳಿಸಿ. ಅಪಘಾತವಾದ ಮೇಲೆ ಅವರು ಮೊದಲು ಕೇಳುವುದೇ ಇಂಥದ್ದನ್ನು.

ಮಕ್ಕಳೇ, ಡೀಸೆಲ್ ಮುಟ್ಟದೆ ನೀರಿನಲ್ಲೇ ಇದನ್ನು ಮಾಡಿ ನೋಡಿ. ಎರಡು ಪ್ಲಾಸ್ಟಿಕ್ ಬಾಟಲಿಗಳ ಬುಡಕ್ಕೆ ಸಣ್ಣ ಕೊಳವೆ ಜೋಡಿಸಿ, ಮೇಣದಿಂದ ಸಂದು ಮುಚ್ಚಿ, ಹಲಗೆಯ ಮೇಲೆ ನಿಲ್ಲಿಸಿ ಅರ್ಧದವರೆಗೆ ಬಣ್ಣದ ನೀರು ತುಂಬಿ. ಹಲಗೆಯ ಒಂದು ತುದಿಗೆ ಪುಸ್ತಕ ಕೊಟ್ಟು ಎತ್ತಿ, ನೀರು ಯಾವ ಕಡೆಗೆ ಎಷ್ಟು ಸರಿಯಿತೆಂದು ಗುರುತು ಹಾಕಿ. ಹಲಗೆಯನ್ನು ಮಟ್ಟಕ್ಕೆ ಇಳಿಸಿದ ಮೇಲೆ ಒಂದು ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಇನ್ನೊಂದಕ್ಕೆ ಒಂದು ಲೋಟ ನೀರು ಸುರಿಯಿರಿ. ಮುಚ್ಚಿದ ಬಾಟಲಿಯಲ್ಲಿ ಮಟ್ಟ ಎಲ್ಲಿಗೆ ನಿಲ್ಲುತ್ತದೆ? ಆಮೇಲೆ ಮುಚ್ಚಳ ಸಡಿಲಿಸಿ, ಬರುವ ಸದ್ದನ್ನು ಕೇಳಿ.