ಪದವಿ ದೊಡ್ಡದೋ, ವಿದ್ಯೆ ದೊಡ್ಡದೋ?

ಹೆಸರಿನ ಮುಂದೆ ಎರಡಕ್ಷರ ಬರೆದುಕೊಳ್ಳುವ ದಿನ ನಮಗೆ ಸಮೀಪಿಸಿದೆ. ನಮ್ಮ ಮನೆತನದಲ್ಲಿ ಆ ಭಾಗ್ಯ ಕಾಣುವವರಲ್ಲಿ ನಾನೇ ಮೊದಲಿಗನು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಪದವಿಯಿಲ್ಲದವನಿಗೆ ವಿದ್ಯೆಯೂ ಇಲ್ಲವೆಂದು ತಿಳಿಯುವುದು ನ್ಯಾಯವೇ? ಈ ಪ್ರಶ್ನೆಯನ್ನು ಗುರುಹಿರಿಯರ ಹಾಗೂ ಸಹಪಾಠಿಗಳ ಮುಂದಿಡಬಯಸುತ್ತೇನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಈ ಐದೂ ತಾಲ್ಲೂಕುಗಳಲ್ಲಿ ಬಹುಪಾಲು ಮಳೆಯನ್ನೇ ನಂಬಿದ ಬೇಸಾಯ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ನಮಗೆ ಹೊಸದಲ್ಲ. ನನ್ನ ಅಣ್ಣನೂ ಹತ್ತನೆಯ ತರಗತಿ ಮುಗಿಸಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವನು. ಹಗಲೆಲ್ಲ ಕೂಲಿ, ಸಂಜೆ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಕಲಿಕೆ. ಈಗ ಅವನು ಕಂಪ್ಯೂಟರನ್ನು ಬಿಚ್ಚಿ ಜೋಡಿಸಬಲ್ಲನು. ನನ್ನ ಕಾಲೇಜು ಫೀಜು ಕಟ್ಟಿದವನೂ ಅವನೇ. ಆದರೂ ಕೆಲಸ ಕೇಳಲು ಹೋದಲ್ಲೆಲ್ಲ 'ಏನು ಓದಿದ್ದೀ?' ಎಂದು ಕೇಳುವವರೇ ಹೊರತು 'ಏನು ಬಲ್ಲೆ?' ಎಂದು ಕೇಳುವವರಿಲ್ಲ.

ಹಿಂದಿನದನ್ನು ನೋಡೋಣ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಇಂಜಿನಿಯರಿಂಗ್ ಪದವೀಧರರಾಗಿರಲಿಲ್ಲ. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದೆ ಯಂತ್ರಗಳ ನಕ್ಷೆ ಬರೆಯುವುದಕ್ಕೆ ತಿರುಗಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಟ್ಟರು. ಅವರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ಭೂಮಿಗೆ ವಿಷವೆಂದು ರೈತರು ಹಿಂಜರಿದರು. ಅವರು ಕೈಬಿಡಲಿಲ್ಲ, 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. 1941ರಲ್ಲಿ ನಮ್ಮ ಹರಪನಹಳ್ಳಿಯ ನೆರೆಯ ಹರಿಹರದಲ್ಲಿ ಅದೇ ಹೆಸರಿನ ಕಾರ್ಖಾನೆ ಆರಂಭವಾಗಿ, ಎಷ್ಟೋ ವರ್ಷ ಲೇತ್ ಯಂತ್ರಗಳನ್ನು ತಯಾರಿಸಿತು.

ಇದು ಹಳೆಯ ಕಥೆಯೆನ್ನುವವರು ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನರನ್ನು ನೋಡಲಿ. ಕಾಲೇಜಿನ ಮೆಟ್ಟಿಲು ಹತ್ತದ ಈ ರೈತರು ಹುಣಸೆಹಣ್ಣಿನಿಂದ ಬೀಜ ಬಿಡಿಸುವ ಯಂತ್ರವನ್ನೂ ಬಿತ್ತನೆಯ ಕೂರಿಗೆಯನ್ನೂ ರೂಪಿಸಿ 2022ರಲ್ಲಿ ಪದ್ಮಶ್ರೀ ಪಡೆದರು.

ಹಾಗಾದರೆ ಕಾಲೇಜು ಬಿಡೋಣವೇ? ಖಂಡಿತ ಬೇಡ. 'ಪದವಿ ಏಕೆ ಬೇಕು?' ಎಂದು ಉಪದೇಶಿಸುವುದು ಉಳ್ಳವರಿಗೆ ಸುಲಭ. ಶಿಫಾರಸು ಮಾಡುವವರಿಲ್ಲದ ಬಡವನಿಗೆ ಪದವಿಯೇ ಪರಿಚಯಪತ್ರ. ಸರ್ಕಾರವೂ ಹಾಗೆಯೇ ಎಣಿಸುತ್ತದೆ: 2023ರಲ್ಲಿ ಘೋಷಿತವಾದ ಯುವನಿಧಿ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಆದವನಿಗೆ 1500 ರೂಪಾಯಿ. ಕೂಲಿ ಮಾಡುತ್ತಲೇ ವಿದ್ಯೆ ಕಲಿತವನ ಹೆಸರು ಅದರಲ್ಲಿಲ್ಲ.

ಆದುದರಿಂದ ನನ್ನ ವಾದವಿಷ್ಟೆ: ಪದವಿಯ ಬಾಗಿಲು ತೆರೆದಿರಲಿ, ಅದರ ಪಕ್ಕದಲ್ಲಿ ಕೈಕಸುಬಿನ ಪರೀಕ್ಷೆಯ ಬಾಗಿಲೂ ತೆರೆಯಲಿ. ನೆರೆಯ ತಮಿಳುನಾಡಿನ ಜೋಹೋ ಸಂಸ್ಥೆ ಪದವಿಯಿಲ್ಲದ ಹುಡುಗರನ್ನೂ ಸೇರಿಸಿಕೊಂಡು, ಭತ್ಯೆ ಕೊಟ್ಟು ಕಲಿಸಿ, ಕೆಲಸವನ್ನೂ ಕೊಡುತ್ತಿದೆ. ಅಷ್ಟು ದೊಡ್ಡದು ನಮ್ಮಿಂದಾಗದಿರಬಹುದು. ಆದರೆ ಭಾನುವಾರ ಬೀಗ ಬೀಳುವ ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯನ್ನು ಅಂದು ಊರಿನ ದುಡಿಯುವ ಹುಡುಗ ಹುಡುಗಿಯರಿಗಾಗಿ ತೆರೆಯಬಹುದಲ್ಲವೇ? ಕಲಿಸಲು ಅಧ್ಯಾಪಕರೇ ಬರಬೇಕೆಂದಿಲ್ಲ. ಬಲ್ಲ ವಿದ್ಯಾರ್ಥಿಗಳು ನಮ್ಮಲ್ಲೇ ಇದ್ದಾರೆ. ಪ್ರಾಂಶುಪಾಲರು ಮನಸ್ಸು ಮಾಡಿದರೆ ಬೀಗದ ಕೈ ಹೊಣೆಯನ್ನು ನಾವು ಹೊರಲು ಸಿದ್ಧ. ನಾವು ಓದಲೆಂದು ಯಾರು ಓದು ಬಿಟ್ಟರೋ, ಅವರಿಗೆ ಇಷ್ಟಾದರೂ ಸಲ್ಲಬೇಕು.

- ಅಂತಿಮ ಬಿ.ಎ. ವಿದ್ಯಾರ್ಥಿ