ಒರೆ ಕದಲದಿರಲಿ

ಓಡುತ್ತ, ತಿರುಗುತ್ತ ಪಿಸ್ತೂಲಿನಿಂದ ಗುರಿ ಹೊಡೆಯುವ ‘ಪ್ರಾಕ್ಟಿಕಲ್ ಶೂಟಿಂಗ್’ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿದುದು 1976ರಲ್ಲಿ, ಅಮೆರಿಕದ ಕೊಲಂಬಿಯಾ ನಗರದಲ್ಲಿ. ಈ ಆಟದಲ್ಲಿ ಸೊಂಟಪಟ್ಟಿ ಕೊಂಚ ಜರುಗಿದರೂ ಕೈ ತಪ್ಪೀತು. ಆದುದರಿಂದಲೇ ಸ್ಪರ್ಧಿಗಳು ಎರಡು ಪಟ್ಟಿಗಳನ್ನು ಧರಿಸುವುದುಂಟು: ಒಳಪಟ್ಟಿ ಷರಾಯಿಯ ಕುಣಿಕೆಗಳಲ್ಲಿ ಹಾಯುತ್ತದೆ, ಗಡುಸಾದ ಹೊರಪಟ್ಟಿ ವೆಲ್ಕ್ರೋದಿಂದ ಅದನ್ನು ಕಚ್ಚಿಕೊಳ್ಳುತ್ತದೆ.

ಪಿಸ್ತೂಲಿನ ಒರೆ, ಎಂದರೆ ಹೋಲ್‌ಸ್ಟರು, ಹೊರಪಟ್ಟಿಗೆ ಸೇರುವ ಬಗೆ ಮುಖ್ಯವಾಗಿ ಎರಡು: ಥಟ್ಟನೆ ಕಳಚುವ ಕೊಂಡಿ, ಇಲ್ಲವೆ ತಿರುಪಿನಿಂದ ಬಿಗಿದ ಹಿಡಿ. ಕೊಂಡಿ ತೆಗೆದಿಡಲು ಸುಲಭ. ಆದರೆ ಅದರ ಸಂದು ಸಡಿಲವಾದರೆ ಒರೆ ಅಲುಗುತ್ತದೆ, ಕೈ ತಡವರಿಸುತ್ತದೆ. ಸ್ಪರ್ಧೆಯ ನಡುವೆ ಪಿಸ್ತೂಲು ಕೈಜಾರಿ ಬಿದ್ದರೆ, ಗುಂಡಿರಲಿ ಇಲ್ಲದಿರಲಿ, ಸ್ಪರ್ಧಿ ಅನರ್ಹ.

ಕೊಳ್ಳುವವರು ಬೆಲೆ ಕೇಳುವ ಮೊದಲು ಪಟ್ಟಿಯನ್ನು ಧರಿಸಿ, ಒರೆಯನ್ನು ಹಿಡಿದು ಅಲುಗಿಸಿ ನೋಡಲಿ. ಒರೆಯೊಡನೆ ಮೈಯೂ ಅಲುಗಿದರೆ ಬಿಗಿ ಸರಿಯಾಗಿದೆ. ಒರೆಯೊಂದೇ ಅಲುಗಿದರೆ ಅದನ್ನು ಅಂಗಡಿಯಲ್ಲಿಯೇ ಬಿಡುವುದು ಲೇಸು.