ಹನಿಮೂನಿಗೆ ನವಿಲುತೀರ್ಥ

ಮದುವೆ ನಿಕ್ಕಿ ಆದಮೇಲೆ ಎಲ್ಲರೂ ಕೇಳುವ ಪ್ರಶ್ನೆ ಎರಡೇ. ಸೀರೆ ಎಲ್ಲಿ ತಗೊಂಡ್ರಿ? ಹನಿಮೂನ್ ಎಲ್ಲಿಗೆ? ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ನಾನು "ಸವದತ್ತಿ" ಅಂದಾಗ ಬೆಂಗಳೂರಿನ ನಮ್ಮ ಟೀಮಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು, "ಅದು ಯಾವ ರೆಸಾರ್ಟ್?" ಅಂತ ಕೇಳಿಯೇಬಿಟ್ಟಳು.

ನಮ್ಮ ಪಟ್ಟಿಯಲ್ಲಿ ಮೊದಲು ಇದ್ದದ್ದು ಎಡಿನ್‌ಬರೋ. ಸ್ಕಾಟ್ಲೆಂಡಿನ ರಾಜಧಾನಿ. ಬಂಡೆಯ ಮೇಲೊಂದು ಕೋಟೆ, ಕೋಟೆಯಿಂದ ಅರಮನೆಯವರೆಗೆ ಇಳಿದು ಹೋಗುವ ರಾಯಲ್ ಮೈಲ್ ಅನ್ನೋ ಹಳೇ ಬೀದಿ, ಜಿಟಿಜಿಟಿ ಮಳೆ, ಒಂದೇ ಛತ್ರಿ. ಫೋಟೋ ನೋಡಿದರೆ ಯಾರಿಗಾದರೂ ಆಸೆ ಆಗಬೇಕು. ಅದಕ್ಕಿಂತ ಮುಖ್ಯ ಕಾರಣ ಬೇರೆ ಇತ್ತು. ನಮ್ಮವರ ಕಂಪನಿಯ ಪ್ರಾಜೆಕ್ಟ್ ಒಂದು ಅಲ್ಲಿದೆ. ಇವರನ್ನ ಎರಡು ವರ್ಷಕ್ಕೆ ಕಳಿಸುವ ಮಾತು ನಡೆದಿತ್ತು. "ಹೆಂಗೂ ಹೋಗಿ ಇರೋ ಊರು, ಹನಿಮೂನ್ ನೆಪದಾಗ ಒಮ್ಮೆ ನೋಡಿ ಬರೋಣು" ಅನ್ನೋದು ಇವರ ಲೆಕ್ಕ.

ಟಿಕೆಟ್, ಹೋಟೆಲ್, ವೀಸಾ ಎಲ್ಲ ಕೂಡಿಸಿದಾಗ ಐದು ಲಕ್ಷ ದಾಟಿತು. ರಜೆ ನೋಡಿದರೆ ಮದುವೆ, ಮನೆ ತುಂಬಿಸೋದು, ಬೀಗರ ಊಟ ಮುಗಿಯುವಷ್ಟರಲ್ಲಿ ನನ್ನ ಹತ್ತಿರ ಉಳಿದದ್ದು ನಾಲ್ಕೇ ದಿನ. ಮೇಲಾಗಿ ಬೈಲಹೊಂಗಲದ ನಮ್ಮ ಅತ್ತಿಯವರ ಮನೆಯಲ್ಲಿ ಒಂದು ಪದ್ಧತಿ. ಹೊಸ ಜೋಡಿ ಮೊದಲು ಎಲ್ಲಮ್ಮನ ಗುಡ್ಡಕ್ಕೆ ಹೋಗಬೇಕು, ಆಮೇಲೆ ಎಲ್ಲಿಗೆ ಬೇಕಾದರೂ ವಿಮಾನ ಹತ್ತಬಹುದು. ಹೀಗಾಗಿ ಎಡಿನ್‌ಬರೋ ಮುಂದಕ್ಕೆ ಹೋಯಿತು, ಸವದತ್ತಿ ಮುಂದೆ ಬಂತು.

ಹೊಸ ಜೋಡಿ ಅಂದರೆ ಇಬ್ಬರೇ ಅಂತ ನೀವು ತಿಳಿದಿದ್ದರೆ ನಮ್ಮ ಕಡೆಯ ಮದುವೆ ನೀವು ನೋಡಿಲ್ಲ. ಬಾಡಿಗೆ ಕ್ರೂಸರ್ ಗಾಡಿಯಲ್ಲಿ ನಾವು ಹನ್ನೊಂದು ಮಂದಿ. ಅತ್ತಿ, ಮಾವ, ನಾದಿನಿ, ಆಕಿಯ ಎರಡು ಮಕ್ಕಳು, ಚಿಕ್ಕತ್ತಿಯರು, ಕಿಟಕಿ ಪಕ್ಕದಲ್ಲಿ ನಮ್ಮವರ ಅಜ್ಜಿ. ಮನೆಯಲ್ಲಿ ಎಲ್ಲರೂ ಆಕಿಗೆ ಆಯಿ ಅಂತಾರೆ. ಕಾಲ ಬುಡದಲ್ಲಿ ಬುತ್ತಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರ ಬುತ್ತಿ. ನಮ್ಮವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ ಮಕ್ಕಳ ನಡುವೆ. ಇದು ನಮ್ಮ ಹನಿಮೂನಿನ ಮೊದಲ ಮುಂಜಾವು!

ಜೋಗುಳಬಾವಿಯಲ್ಲಿ ಕೈಕಾಲು ತೊಳೆದು ಗುಡ್ಡ ಹತ್ತಿದೆವು. ಭರತ ಹುಣ್ಣಿಮೆಗೆ ಇಲ್ಲಿ ಲಕ್ಷಗಟ್ಟಲೆ ಜನ, ಸಾಲು ಸಾಲು ಚಕ್ಕಡಿ. ನಾವು ಹೋದದ್ದು ಜಾತ್ರೆ ಇಲ್ಲದ ವಾರದ ದಿನ, ಆದರೂ "ಉಧೋ ಉಧೋ" ನಿಂತಿರಲಿಲ್ಲ. ಹಣೆ ತುಂಬ ಭಂಡಾರ, ಹಡ್ಲಿಗಿ ತುಂಬಿಸೋದು, ಎಲ್ಲ ಸಾಂಗವಾಗಿ ಆಯ್ತು. ಗಾಡಿ ತಿರುಗಿಸುವಾಗ ಆಯಿ ಡ್ರೈವರಿಗೆ ಹೇಳಿದರು, "ತಮ್ಮಾ, ನವಿಲುತೀರ್ಥಕ್ಕ ಹೊಡಿ. ನನ್ನ ತವರಿಗೆ ಹೋಗೋದೈತಿ."

ನವಿಲುತೀರ್ಥ ಅಂದರೆ ಡ್ಯಾಮ್ ಅಂತ ಮಾತ್ರ ನನಗೆ ಗೊತ್ತಿತ್ತು. ಅಲ್ಲಿ ಯಾರ ಮನೆ?

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭಾ ನದಿ, ಇಲ್ಲಿ ಗುಡ್ಡದ ಸಾಲನ್ನು ಸೀಳಿಕೊಂಡು ಹೋಗುತ್ತದೆ. ಆ ಸಂದಿಗೆ ಅಡ್ಡವಾಗಿ ಕಟ್ಟಿದ್ದೇ ಅಣೆಕಟ್ಟು, 1970ರ ದಶಕದ ಆರಂಭದ್ದು. ಎರಡೂ ಕಡೆ ಗುಡ್ಡವೇ ಗೋಡೆಯಾಗಿರುವುದರಿಂದ ಕಟ್ಟಿದ ಗೋಡೆ ಉದ್ದಕ್ಕೆ ಸುಮಾರು 154 ಮೀಟರ್, ಎತ್ತರಕ್ಕೆ ಸುಮಾರು 40 ಮೀಟರ್ ಅಷ್ಟೇ. ಅದರ ಹಿಂದೆ ನಿಲ್ಲುವ ನೀರು ಮಾತ್ರ 37.73 ಟಿಎಂಸಿ. ಹೆಸರು ರೇಣುಕಾಸಾಗರ. ಗೋಡೆ ಕಿರಿದು, ನೀರು ಹಿರಿದು. ಅಷ್ಟು ನೀರು ನಿಲ್ಲೋದಕ್ಕೆ ಜಾಗ ಬಿಟ್ಟುಕೊಟ್ಟ ಹಳ್ಳಿಗಳಲ್ಲಿ ಒಂದು, ನಮ್ಮ ಆಯಿಯ ತವರೂರು.

ಹಿನ್ನೀರಿನ ದಂಡೆಯಲ್ಲಿ ಗಾಡಿ ನಿಂತಿತು. ಆಯಿ ಇಳಿದು, ಬೆರಳು ಮಾಡಿ, ನೀರಿನ ನಡುವೆ ಎಲ್ಲೋ ಒಂದು ಕಡೆ ತೋರಿಸಿದರು. ನಮಗೆ ಬರೀ ನೀರು ಕಾಣುತ್ತಿತ್ತು. ಆಕಿಗೆ ಬೇರೇನೋ.

"ಮದಿವ್ಯಾಗಿ ಐದು ವರ್ಷಕ್ಕ ಊರು ನೀರಾಗ ಹೋತು. ಅಣ್ಣ ತಮ್ಮದೇರು ಒಬ್ಬೊಬ್ಬರು ಒಂದೊಂದು ಕಡೆ ಆದರು. ಪಂಚಮಿಗೆ ಕರ್ಯಾಕ ಬರ್ತಿದ್ರು, ಖರೆ, ಆದರ ಆ ಮನಿ ಬ್ಯಾರೆ" ಅಂದರು. ದುಃಖಕ್ಕೇನೂ ಅಲ್ಲ, ಸಂತೆಯ ಸುದ್ದಿ ಹೇಳಿದ ಹಾಗೆ. ಆಮೇಲೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಒಂದು ಹಿಡಿ ಅಕ್ಕಿ, ಅರಿಶಿನ, ಕುಂಕುಮ ನೀರಿಗೆ ಬಿಟ್ಟರು. ಡ್ಯಾಮ್ ತುಂಬಿದಾಗ ಮಂತ್ರಿಗಳು ಬಾಗಿನ ಕೊಡೋದನ್ನ ಟಿವಿಯಲ್ಲಿ ನೋಡಿದ್ದೆ. ಮಗಳು ತವರಿಗೆ ಉಡಿ ತುಂಬಿದ್ದನ್ನ ನೋಡಿದ್ದು ಇದೇ ಮೊದಲು.

ಮಕ್ಕಳಿಗೆ ನವಿಲಿನ ಕತೆಯನ್ನೂ ಅಲ್ಲೇ ಹೇಳಿದರು. ಹೊಳಿ ಹರಕೊಂತ ಬಂದಾಗ ಗುಡ್ಡ ಅಡ್ಡ ನಿಂತಿತ್ತಂತೆ. ಮೇಲೆ ಕುಂತ ನವಿಲು "ಇನ್ನ ಎಲ್ಲಿ ಹೋಗ್ತಿ?" ಅಂತ ಅಣಕಿಸಿತಂತೆ. ಹೊಳಿಗೆ ಸಿಟ್ಟು ಬಂದು ಗುಡ್ಡಾನ ಸೀಳಿಕೊಂಡು ಹೋತಂತೆ.

ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಧಾರವಾಡದಾಗ ಕುಡ್ಯಾಕ ಯಾವ ನೀರವ್ವಾ?" ಅಂತ ಕೇಳಿದರು.

ಯಾವ ನೀರು? ಇದೇ ನೀರು. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭಾ ನೀರು ಇಲ್ಲಿಂದಲೇ ಬರುತ್ತದೆ, ಅಮ್ಮಿನಭಾವಿಯಲ್ಲಿ ಶುದ್ಧ ಆಗಿ. ನಮ್ಮ ಓಣಿಯಲ್ಲಿ ನಳ ಬಂದ ದಿನ ಅಂದರೆ ಹಬ್ಬ. ಕೊಡ, ಬಕೆಟ್, ಪಾತೇಲಿ ಎಲ್ಲ ತುಂಬಿಸಿಟ್ಟು ಅವ್ವ ಉಸ್ಸಪ್ಪಾ ಅಂತ ಕೂಡುತ್ತಿದ್ದಳು. ಅದನ್ನೇ ಹೇಳಿದೆ.

"ಮತ್ತ? ನನ್ನ ತವರಿನ ಮ್ಯಾಲಿನ ನೀರು ಕುಡದು ಬೆಳದೀ. ನೀ ಹೊರಗಿನಾಕಿ ಹೆಂಗ ಆಗ್ತಿ?"

ಮದುವೆಯಾಗಿ ಹನ್ನೆರಡು ದಿನ ಆಗಿತ್ತು. ಆ ಮನೆಯಲ್ಲಿ ಎಲ್ಲರೂ ಪ್ರೀತಿಯಿಂದಲೇ ಇದ್ದರು. ಆದರೂ ಚಹಾ ಪುಡಿ ಡಬ್ಬಿ ಎಲ್ಲಿದೆ ಅಂತ ಕೇಳೋದಕ್ಕೂ ನನಗೆ ಸಂಕೋಚ. ಹೊಸ ಮನೆಗೆ ಹೋದ ಹುಡುಗಿಯರಿಗೆಲ್ಲ ಇದು ಗೊತ್ತು. ಆಯಿಯ ಆ ಒಂದು ಮಾತಿಗೆ ಗಂಟಲು ಕಟ್ಟಿಬಂತು.

ಉಳಿದವರನ್ನ ಕರಕೊಂಡು ಕ್ರೂಸರ್ ಬೈಲಹೊಂಗಲಕ್ಕೆ ಹೊರಟಿತು. ಬೈಕ್ ಮೇಲೆ ಬಂದಿದ್ದ ಮೈದುನ ಅದನ್ನ ನಮಗೆ ಬಿಟ್ಟು ತಾನು ಗಾಡಿ ಹತ್ತಿದ. "ಇನ್ನ ನೀವಿಬ್ಬರೂ ಅಡ್ಡಾಡಿ ಬರ್ರಿ" ಅಂದರು ಅತ್ತಿ. ಹನ್ನೆರಡು ದಿನದಲ್ಲಿ ನಾವಿಬ್ಬರೇ ಒಂದು ತಾಸು ಕೂತದ್ದು ಅವತ್ತೇ.

ಸ್ವಲ್ಪ ಹೊತ್ತು ಸುಮ್ಮನಿದ್ದು ಇವರು ಕೇಳಿದರು, "ನಿಂಗ ಎಡಿನ್‌ಬರೋ ಮನಸ್ಸಿಲ್ಲೇನು? ಆ ಮಾತು ಬಂದಾಗೆಲ್ಲ ನೀ ಸುಮ್ಮನಾಗ್ತಿ."

"ಊರು ಬ್ಯಾಡಂತಲ್ಲರೀ. ಹೋಗೋದು ಅಂತ ನಂಗ ಹೇಳಿದ್ರಿ, ಕೇಳಲಿಲ್ಲ. ಏಪ್ರಿಲ್‌ದಾಗ ನಂದು ಪ್ರಮೋಶನ್ ಐತಿ. ಐದು ವರ್ಷದಿಂದ ಅದಕ್ಕ ದುಡದೀನಿ. ಅಲ್ಲಿ ಹೋಗಿ ಮೊದಲಿಂದ ಕೆಲಸ ಹುಡುಕೂದಂದ್ರ ನಂಗ ಅಂಜಿಕಿ."

ಇವರು ನೀರಿನ ಕಡೆ ನೋಡುತ್ತಾ ಕೂತರು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ಆಯಿ ಊರು ಮುಳುಗೂ ಮುಂದ ಆಕಿನ್ನ ಯಾರೂ ಕೇಳಿರ್ಲಿಕ್ಕಿಲ್ಲ."

ಅದಾದಮೇಲೆ ಮಾತು ಸರಾಗ ಆಯ್ತು. ಸಂಬಳ, ಸಾಲ, ಮಾವನವರ ಮೊಣಕಾಲು ನೋವು, ನನ್ನ ಅವ್ವ ಧಾರವಾಡದಲ್ಲಿ ಒಬ್ಬಳೇ ಇರೋದು, ಮಕ್ಕಳು ಯಾವಾಗ, ಎಲ್ಲ. ಮದುವೆಗೆ ಮೊದಲು ಆರು ತಿಂಗಳು ದಿನಾ ರಾತ್ರಿ ಫೋನಿನಲ್ಲಿ ಮಾತಾಡಿದ್ದೆವು. ಅದರಲ್ಲಿ ಇದ್ಯಾವುದೂ ಬಂದಿರಲಿಲ್ಲ. ಸಿನಿಮಾ ಬಂದಿತ್ತು, ಬಿರಿಯಾನಿ ಬಂದಿತ್ತು.

ಮರುದಿನ ಕಿತ್ತೂರು. ಇಲ್ಲಿ ಎಡಿನ್‌ಬರೋ ಮತ್ತೆ ಸಿಕ್ಕಿತು, ನಾವು ಹುಡುಕದೆ.

1824ರ ಅಕ್ಟೋಬರ್ 23ರ ಯುದ್ಧ ನಮಗೆಲ್ಲ ಶಾಲೆಯಿಂದಲೇ ಗೊತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು, ಚೆನ್ನಮ್ಮನ ಸೈನ್ಯ ಗೆದ್ದದ್ದು. ಅವತ್ತು ಇಬ್ಬರು ಬ್ರಿಟಿಷ್ ಅಧಿಕಾರಿಗಳು ಸೆರೆ ಸಿಕ್ಕರು. ಅವರಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಹುಟ್ಟಿದ್ದು 1803ರಲ್ಲಿ, ಎಡಿನ್‌ಬರೋದಲ್ಲಿ! ಸೆರೆಯಾದಾಗ ವಯಸ್ಸು 21, ನಮ್ಮ ಆಫೀಸಿಗೆ ಬರೋ ಫ್ರೆಶರ್‌ಗಳಷ್ಟು. ಹಲವು ವಾರ ಕಿತ್ತೂರಿನವರ ಕೈಯಲ್ಲಿದ್ದು ಬಿಡುಗಡೆಯಾದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರಲ್ಲಿ ಆಕೆ ತೀರಿಕೊಂಡದ್ದೂ ಅಲ್ಲೇ.

ಎಲಿಯಟ್ ಸಾಹೇಬ ಆಮೇಲೂ ನಮ್ಮ ಸೀಮೆಯಲ್ಲೇ ಉಳಿದ, 1833ರವರೆಗೆ. ಹಳ್ಳಿ ಹಳ್ಳಿಯ ಗುಡಿಗಳಲ್ಲಿದ್ದ ಹಳಗನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. ಆ ನಕಲುಗಳ ಒಂದು ಪ್ರತಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಗೆ, ಇನ್ನೊಂದು ಎಡಿನ್‌ಬರೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಯಿತು. ಸೆರೆಯಾಗಿದ್ದ ಸೀಮೆಯ ಅಕ್ಷರವನ್ನೇ ಆ ಹುಡುಗ ತನ್ನೂರಿಗೆ ಕಳಿಸಿದ. ರಾತ್ರಿ ಫೋನಿನಲ್ಲಿ ಇದನ್ನ ಓದಿ ಹೇಳಿದಾಗ ಇವರು, "ಹಂಗಾದ್ರ ನಾವು ಹೋದಾಗ ಮೊದಲು ಲೈಬ್ರರಿ, ಆಮ್ಯಾಲೆ ಕೋಟಿ" ಅಂದರು. 'ನಾವು' ಅಂದದ್ದು ನನಗೆ ಕೇಳಿಸಿತು.

ಕಿತ್ತೂರಿನ ಅರಮನೆಯಲ್ಲಿ ಈಗ ಚಾವಣಿ ಇಲ್ಲ. ಗೋಡೆ, ಊಟದ ಸಾಲೆ, ಬಚ್ಚಲಿನ ತೊಟ್ಟಿ, ನೀರಿನ ಕೊಳವೆ ಉಳಿದಿವೆ. ಒಂದು ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲು ಮಾಡಿದ ದುಂಡನೆ ಕಿಂಡಿ ಇದೆ. ನಾವು ಹೋದದ್ದು ಹಗಲು, ಕಂಡದ್ದು ತಾಟಿನಷ್ಟು ಆಕಾಶ. ಮದುವೆಯ ದಿನ ಮಟಮಟ ಮಧ್ಯಾಹ್ನ ಅರುಂಧತಿ ತೋರಿಸಿದಾಗಲೂ ಹೀಗೇ, ಏನೂ ಕಾಣದೆ "ಕಂಡ್ತು" ಅಂದಿದ್ದೆವು. ಒಂದು ಊರು ಎಷ್ಟನೇ ಅಕ್ಷಾಂಶದಲ್ಲಿದೆಯೋ ಧ್ರುವ ಅಲ್ಲಿ ದಿಗಂತದಿಂದ ಅಷ್ಟೇ ಡಿಗ್ರಿ ಮೇಲಿರುತ್ತದೆ. ಕಿತ್ತೂರಿನಲ್ಲಿ ಸುಮಾರು 16 ಡಿಗ್ರಿ, ಎಡಿನ್‌ಬರೋದಲ್ಲಿ ಸುಮಾರು 56. ಇಲ್ಲಿ ಮುಂದೆ ನೋಡಿದರೆ ಸಾಕು, ಅಲ್ಲಿ ಕತ್ತು ಎತ್ತಬೇಕು.

ನೀವೂ ಹೋಗೋದಾದರೆ ಬೈಲಹೊಂಗಲ ಅಥವಾ ಧಾರವಾಡದಲ್ಲಿ ಉಳಿದುಕೊಳ್ಳಿ. ಒಂದು ದಿನ ಎಲ್ಲಮ್ಮನ ಗುಡ್ಡ, ಸವದತ್ತಿ ಕೋಟೆ, ನವಿಲುತೀರ್ಥ. ಸವದತ್ತಿಯ ಹಳೇ ಹೆಸರು ಸುಗಂಧವರ್ತಿ, ಬೆಳಗಾವಿಗೆ ಹೋಗುವ ಮೊದಲು ರಟ್ಟರ ರಾಜಧಾನಿ ಇದೇ. ಇನ್ನೊಂದು ದಿನ ಕಿತ್ತೂರು ಕೋಟೆ, ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ. ಮಳೆಗಾಲವಾದರೆ ಸೊಗಲದ ಜಲಪಾತವನ್ನೂ ಸೇರಿಸಿಕೊಳ್ಳಿ. ಹುಣ್ಣಿಮೆ, ಮಂಗಳವಾರ, ಶುಕ್ರವಾರ ಗುಡ್ಡದಲ್ಲಿ ಗದ್ದಲ ಹೆಚ್ಚು. ನಮ್ಮಿಬ್ಬರ ಮೂರು ದಿನದ ಖರ್ಚು, ಪೆಟ್ರೋಲ್ ಹಿಡಿದು, ಆರು ಸಾವಿರ ದಾಟಲಿಲ್ಲ.

ವಿದೇಶಕ್ಕೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ದುಡ್ಡು, ರಜೆ ಇದ್ದರೆ ಧಾರಾಳವಾಗಿ ಹೋಗಿ. ಆದರೆ ಅದಕ್ಕೆ ಮೊದಲು ಒಬ್ಬರ ಊರನ್ನ ಇನ್ನೊಬ್ಬರು ಒಮ್ಮೆ ನೋಡಿ, ಮನೆಯ ಹಿರಿಯರನ್ನ ಜೊತೆಗೆ ಕರಕೊಂಡು. ಗಂಡನಾಗಲಿ ಹೆಂಡತಿಯಾಗಲಿ ಯಾವುದಕ್ಕೆ ಅಂಜುತ್ತಾರೆ, ಏನನ್ನ ಬಿಟ್ಟು ಬಂದಿದ್ದಾರೆ ಅನ್ನೋದು ಊರಿನಲ್ಲಿ ಕಂಡಷ್ಟು ಹೋಟೆಲ್ ರೂಮಿನಲ್ಲಿ ಕಾಣೋದಿಲ್ಲ.

ನಮ್ಮ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಇವರು ತಮ್ಮ ಮ್ಯಾನೇಜರಿನ ಹತ್ತಿರ ಜೂನ್‌ವರೆಗೆ ಸಮಯ ಕೇಳಿದ್ದಾರೆ. ಪ್ರಮೋಶನ್ ಆದಮೇಲೆ ಅಲ್ಲಿಂದಲೇ ಕೆಲಸ ಮಾಡಲು ಬಿಡ್ತೀರಾ ಅಂತ ನಾನು ನಮ್ಮ ಕಂಪನಿಯಲ್ಲಿ ವಿಚಾರಿಸಿದ್ದೇನೆ. ಹೂಂ ಅಂದರೆ ಇಬ್ಬರೂ ಹೋಗ್ತೇವೆ. ಇಲ್ಲಾಂದ್ರೆ ಏನು ಮಾಡೋದು ಅಂತ ಮತ್ತೆ ಕೂತು ಮಾತಾಡ್ತೇವೆ.

ಮೊನ್ನೆ ಫೋನಿನಲ್ಲಿ ಆಯಿಗೆ ಇದನ್ನೆಲ್ಲ ಹೇಳಿದೆ. "ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಅಲ್ಲಿ ನೀರು ಹೆಂಗದಾವ ಕೇಳ್ಕೊ ಮೊದಲ" ಅಂದರು.